ಮದುವೆ ರಿಸೆಪ್ಶನ್ನಿಗೆ ಕಮ್ಮಿ ಖರ್ಚಲ್ಲಿ ಒಳ್ಳೆ ವೈನ್ ಆರಿಸೂದು ಹೆಂಗೆ? ಕಾರವಾರ ಕಡೆಯವರಿಗೆ ಒಂದಿಷ್ಟು ಲೆಕ್ಕ

ಈಸ್ಟರ್ ಮುಗೀತು ಅಂದ್ರೆ ಕಾರವಾರ, ಅಂಕೋಲಾ, ಹೊನ್ನಾವರ ಕಡೆ ಚರ್ಚ್ ಮದುವೆಗಳ ಸಾಲೇ ಸಾಲು, ಯಾಕಂದ್ರೆ ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಯಾರೂ ಮದುವೆ ಇಟ್ಕೊಳ್ಳೂದಿಲ್ಲ, ಎಲ್ಲಾ ಬಂದು ಏಪ್ರಿಲ್-ಮೇ ಸೆಕೆಗೇ ಬೀಳ್ತವೆ. ಹಾಲ್ ಆಯ್ತು, ಬ್ಯಾಂಡ್ ಆಯ್ತು, ಕೇಕ್ ಆರ್ಡರ್ ಆಯ್ತು, ಕೊನೆಗೆ ಯಾರಾದ್ರೂ ಕೇಳ್ತಾರೆ, ಟೋಸ್ಟಿಗೆ ವೈನ್ ಯಾವ್ದು ತರೂದು, ಜಾಸ್ತಿ ಖರ್ಚೂ ಆಗ್ಬಾರ್ದು ಮರ್ಯಾದೆನೂ ಹೋಗ್ಬಾರ್ದು ಅಂತ. ನನ್ನ ಉತ್ತರ ಯಾವಾಗ್ಲೂ ಒಂದೇ, ಸ್ವಲ್ಪ ಸಿಹಿ ಕಡೆ ವಾಲಿರೋ ನಮ್ಮ ದೇಶದ್ದೇ ವೈಟ್ ಇಲ್ಲಾ ರೋಸೆ, ಅಂದ್ರೆ ಗುಲಾಬಿ ಬಣ್ಣದ ವೈನ್, ತಗೊಳ್ಳಿ, ಬಾಟಲಿ ಮೇಲೆ ಹಾಕೋ ದುಡ್ಡಲ್ಲಿ ಒಂದು ಪಾಲು ತೆಗ್ದು ಐಸಿಗೆ ಹಾಕಿ. ಬೆಚ್ಚಗಾದ ದುಬಾರಿ ವೈನಿಗಿಂತ ಚೆನ್ನಾಗಿ ತಂಪಾದ ಸಾದಾ ವೈನು ನಮ್ಮೂರ ಮೇ ತಿಂಗಳಲ್ಲಿ ಸಾವಿರ ಪಾಲು ಮೇಲು. ಹೆಂಗೆ, ಯಾಕೆ, ಎಷ್ಟು ಅಂತ ಕೆಳಗೆ ಬರ್ದಿದೀನಿ, ಸ್ವಲ್ಪ ಉದ್ದ ಆಗ್ತದೆ, ಮದುವೆ ಮನೆಯವರು ಕೂತು ಓದ್ಕೊಳ್ಳಿ.

ಮೊದ್ಲು ಇದು ಟ್ರೇ ಟೋಸ್ಟಾ, ಇಲ್ಲಾ ಬಾರ್ ಕೌಂಟರಾ

ಇದನ್ನ ತೀರ್ಮಾನ ಮಾಡ್ದೇ ಅಂಗಡಿಗೆ ಹೋಗ್ಲೇಬೇಡಿ. ನಮ್ಮ ಕಡೆ ಜಾಸ್ತಿ ನಡೆಯೂದು ಟ್ರೇ ಪದ್ಧತಿ. ಮದುಮಕ್ಕಳು ಕೇಕ್ ಕಟ್ ಮಾಡ್ತಾರೆ, ಹುಡುಗರು ಟ್ರೇ ಹಿಡ್ಕೊಂಡು ಕೇಕಿನ ತುಂಡು ಮತ್ತೆ ಚಿಕ್ಕ ಗ್ಲಾಸಲ್ಲಿ ವೈನು ಸಾಲು ಸಾಲಾಗಿ ಹಂಚ್ಕೊಂಡು ಹೋಗ್ತಾರೆ, ಹಿರಿಯರೊಬ್ಬರು ಸ್ಟೇಜ್ ಹತ್ತಿ ನಾಲ್ಕು ಮಾತಾಡಿ ಗ್ಲಾಸ್ ಎತ್ತಿಸ್ತಾರೆ, ಬ್ಯಾಂಡಿನವರು ಬಾರಿಸ್ತಾರೆ, ಮುಗೀತು. ಇಲ್ಲಿ ಒಬ್ಬರಿಗೆ ಬೇಕಾಗೂದು 60 ಎಂಎಲ್, ಅದಕ್ಕಿಂತ ಜಾಸ್ತಿ ಹಾಕಿದ್ರೆ ಅರ್ಧ ಕುರ್ಚಿ ಕೆಳಗೇ ಉಳೀತದೆ. ಇನ್ನೊಂದು ಬಾರ್ ಪದ್ಧತಿ, ಮೂಲೆಲಿ ಕೌಂಟರ್, ಬೇಕಾದವರು ಹೋಗಿ ತಗೊಳ್ಳೂದು, ಅಲ್ಲಿ ಬೀರು ವಿಸ್ಕಿ ಜೊತೆ ವೈನೂ ಇರ್ತದೆ. ಎರಡಕ್ಕೂ ಲೆಕ್ಕ ಬೇರೆ, ವೈನಿನ ಜಾತಿನೂ ಬೇರೆ.

ಲೆಕ್ಕ ಹಿಂಗೆ. ಒಂದು ಬಾಟಲಿ ಅಂದ್ರೆ 750 ಎಂಎಲ್. 60 ಎಂಎಲ್ ಟೋಸ್ಟಾದ್ರೆ ಬಾಟಲಿಗೆ ಹನ್ನೆರಡೂವರೆ ಗ್ಲಾಸ್, ಸರಿಯಾದ ವೈನ್ ಗ್ಲಾಸಲ್ಲಿ 150 ಎಂಎಲ್ ಹಾಕಿದ್ರೆ 5 ಗ್ಲಾಸ್. ಈಗ 400 ಜನರ ರಿಸೆಪ್ಶನ್ ಅಂತ ಇಟ್ಕೊಳ್ಳಿ, ಅದರಲ್ಲಿ ಮಕ್ಕಳು, ಕುಡೀದೇ ಇರೋ ನೆಂಟರು, ಊಟಕ್ಕೆ ಮಾತ್ರ ಬಂದು ಹೋಗೋರು, ಎಲ್ಲಾ ತೆಗೆದ್ರೆ ಗ್ಲಾಸ್ ಎತ್ತೋರು ಒಂದು 250. 250 ಇಂಟು 60 ಅಂದ್ರೆ 15 ಲೀಟರ್, ಸರಿಯಾಗಿ 20 ಬಾಟಲಿ. ಸುರಿಯುವಾಗ ಚೆಲ್ಲೂದು, ಹುಡುಗರ ಕೈ ಭಾರ, ಇದಕ್ಕೆಲ್ಲಾ ಅಂತ 2 ಜಾಸ್ತಿ ಹಿಡೀರಿ, 22. ಅಷ್ಟೇ. 400 ಜನ ಅಂತ ಕೇಳಿ 50-60 ಬಾಟಲಿ ತಂದು ಆಮೇಲೆ ಅಟ್ಟದ ಮೇಲೆ ಇಡೋರನ್ನ ನೋಡಿದೀನಿ, ಅದು ಧಾರಾಳತನ ಅಲ್ಲ, ಲೆಕ್ಕ ಮಾಡ್ದೇ ಇದ್ದಿದ್ದು. ಬಾರ್ ಪದ್ಧತಿಗೆ, ಬೀರು ವಿಸ್ಕಿ ಇರುವಾಗ ವೈನ್ ಕೇಳೋರು 80 ಜನ ಅಂತ ಹಿಡೀರಿ, ಒಬ್ಬರಿಗೆ 2 ಗ್ಲಾಸು, 160 ಗ್ಲಾಸ್, ಐದರಿಂದ ಭಾಗಿಸಿದ್ರೆ 32 ಬಾಟಲಿ. ಆ 32ರಲ್ಲಿ ಅರ್ಧ ವೈಟ್, ಉಳಿದದ್ರಲ್ಲಿ ರೋಸೆ 8, ರೆಡ್ 8. ವೈನ್ ಅಂದ್ರೆ ರೆಡ್ಡೇ ಅಂತ ನಮ್ಮಲ್ಲಿ ಒಂದು ಕಲ್ಪನೆ ಇದೆ ನೋಡಿ, ಅದಕ್ಕೇ ರೆಡ್ ಜಾಸ್ತಿ ತರ್ತಾರೆ, ಕೊನೆಗೆ ಉಳಿಯೂದೂ ಅದೇ.

ಇನ್ನು ಬಾಟಲಿ ರೇಟು. ಸುಮ್ನೆ ಉದಾಹರಣೆಗೆ 700ರ ಬಾಟಲಿ 22 ತಂದ್ರೆ 15,400, 1,500ರದ್ದು ತಂದ್ರೆ 33,000. ಆ 17,600 ರೂಪಾಯಿ ವ್ಯತ್ಯಾಸ 60 ಎಂಎಲ್ ಗ್ಲಾಸಲ್ಲಿ, ಬಾಯಲ್ಲಿ ಕೇಕ್ ಇಟ್ಕೊಂಡು, ಬ್ಯಾಂಡಿನ ಗಲಾಟೆಲಿ, ಒಬ್ಬ ಮನುಷ್ಯನಿಗಾದ್ರೂ ಗೊತ್ತಾಗ್ತದಾ ಮಾರಾಯ್ರೆ? ಆ ದುಡ್ಡಿಗೆ ಇನ್ನೊಂದು ಐಟಂ ಮೀನು ಹಾಕ್ಸಿ, ಜನ ವರ್ಷಗಟ್ಲೆ ನೆನಪಿಟ್ಕೊಳ್ತಾರೆ.

ಕೇಕು, ಖಾರ, ಸೆಕೆ: ಇವು ಮೂರೇ ವೈನ್ ಆರಿಸೂದು

ಟೋಸ್ಟ್ ವೈನ್ ಕೇಕಿನ ಜೊತೆ ಹೋಗ್ತದೆ ಅನ್ನೂದನ್ನ ಎಲ್ಲರೂ ಮರೀತಾರೆ. ಬಾಯಲ್ಲಿ ಐಸಿಂಗ್ ಸಕ್ಕರೆ ಇರುವಾಗ ಸಿಹಿ ಇಲ್ಲದ ವೈನ್ ಕುಡಿದ್ರೆ ಅದು ಹುಳಿ ಹುಳಿಯಾಗಿ, ತೆಳ್ಳಗೆ, ನಿಂಬೆ ನೀರಿನ ಥರ ಅನ್ಸ್ತದೆ, ವೈನ್ ಎಷ್ಟೇ ಒಳ್ಳೇದಿರ್ಲಿ. ಅದಕ್ಕೇ ಬ್ರೂಟ್, ಅಂದ್ರೆ ಸಿಹಿ ಇಲ್ಲದ್ದು, ಅಂತ ಬರೆದ ಗುಳ್ಳೆ ವೈನ್ ಸ್ಟೇಜ್ ಮೇಲೆ ಚೆಂದ, ಕೇಕಿನ ಜೊತೆ ಮುಖ ಕಿವುಚಿಸ್ತದೆ, ಫೋಟೋದಲ್ಲಿ ದೊಡ್ಡ ಆಂಟಿ ಮುಖ ನೋಡಿ ಗೊತ್ತಾಗ್ತದೆ. ನಿಯಮ ಒಂದೇ, ಕೇಕಿಗಿಂತ ವೈನ್ ತೀರಾ ಕಮ್ಮಿ ಸಿಹಿ ಇರ್ಬಾರ್ದು. ಟ್ರೇ ಟೋಸ್ಟಿಗೆ ಸಿಹಿ ವೈನೇ ಸರಿ, ಇದರಲ್ಲಿ ನಾಚ್ಕೆ ಪಡೋದೆಂತದೂ ಇಲ್ಲ.

ಪೋರ್ಟ್ ವೈನಿನ ಮಾತು ಇಲ್ಲೇ ಹೇಳ್ಬಿಡ್ತೀನಿ. ಬೆಂಗಳೂರು ಮುಂಬೈಯಿಂದ ಬಂದ ಕಸಿನ್ಸ್ ಪೋರ್ಟ್ ವೈನ್ ಅಂದ್ರೆ ನಗ್ತಾರೆ. ಪೋರ್ಚುಗಲ್ಲಿನ ಡೌರೋ ಕಣಿವೆಲಿ ಮಾಡೋ ಅಸಲಿ ಪೋರ್ಟಿಗೂ ನಮ್ಮ ಅಂಗಡಿಲಿ ಸಿಗೋದಕ್ಕೂ ಸಂಬಂಧ ಕಮ್ಮಿ, ಅದು ನಿಜ, ಅಲ್ಲಿ ಹುದುಗು ಬರುವಾಗ್ಲೇ ದ್ರಾಕ್ಷಿ ಬ್ರಾಂಡಿ ಹಾಕಿ ಹುದುಗು ನಿಲ್ಲಿಸ್ತಾರೆ, ಹಂಗಾಗಿ ಸಿಹಿ ಅದ್ರಲ್ಲೇ ಉಳೀತದೆ. ನಮ್ಮಲ್ಲಿ ಪೋರ್ಟ್ ಅಂತ ಮಾರೋ ಅಗ್ಗದ ಸಿಹಿ ರೆಡ್ ವೈನುಗಳಲ್ಲಿ ಸುಮಾರು ಬೆಂಗಳೂರು ಬ್ಲೂ ದ್ರಾಕ್ಷಿಯವು, ಕೋಲಾರ ಚಿಕ್ಕಬಳ್ಳಾಪುರ ಕಡೆ ಬೆಳೆಯೋ ಆ ಕಪ್ಪು ದ್ರಾಕ್ಷಿ, ಮೂಗಿಗೆ ಹಿಡಿದ್ರೆ ದ್ರಾಕ್ಷಿ ಜ್ಯೂಸಿನ ಗಾಢ ವಾಸನೆ ಬರ್ತದಲ್ಲ ಅದೇ. ಆದ್ರೆ ಮನೇಲಿ ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನ್ ಇಡೋ ಹಿರಿಯರಿಗೆ ವೈನ್ ಅಂದ್ರೆ ಇದೇ ರುಚಿ. ಟೋಸ್ಟ್ ಎತ್ತೋರಲ್ಲಿ ಅರವತ್ತು ದಾಟಿದವರು ಜಾಸ್ತಿ ಅಂತಾದ್ರೆ ಧೈರ್ಯವಾಗಿ ಪೋರ್ಟ್ ಹಾಕಿ, ಖರ್ಚೂ ಕಮ್ಮಿ, ಕೇಕಿಗೂ ಹೊಂದ್ತದೆ. ಒಂದೇ ಷರತ್ತು, ಅದನ್ನೂ ತಂಪು ಮಾಡಿ. ಬೆಚ್ಚಗಿನ ಪೋರ್ಟ್ ಕೆಮ್ಮಿನ ಸಿರಪ್ ಥರ.

ಊಟದ ಜೊತೆ ಕೊಡೋ ವೈನ್ ಬೇರೆ ಕತೆ. ನಮ್ಮ ರಿಸೆಪ್ಶನ್ ಊಟ ಅಂದ್ರೆ ಎಂತ? ಹಂದಿ ಮಾಂಸದ ಸೊರ್ಪೊತೆಲ್, ವಿಂದಾಲೂ, ಚಿಕನ್ ಶಾಗುತಿ, ಇಸೋಣ ಮೀನಿನ ಫ್ರೈ, ಸಿಗಡಿ, ಇಡ್ಲಿ ಥರದ ಸಾನ್ನಾಂ, ಪುಲಾವ್. ಖಾರ, ಹುಳಿ, ವಿನೆಗರ್, ತೆಂಗಿನಕಾಯಿ. ಇದರ ಮುಂದೆ ಕ್ಯಾಬರ್ನೆಯಂಥ ಗಟ್ಟಿ ರೆಡ್ ವೈನ್ ಇಟ್ರೆ ಎರಡೂ ಕೆಡ್ತವೆ. ರೆಡ್ ವೈನಲ್ಲಿ ದ್ರಾಕ್ಷಿ ಸಿಪ್ಪೆ ಬೀಜದಿಂದ ಬರೋ ಒಗರು ಇರ್ತದೆ, ಟ್ಯಾನಿನ್ ಅಂತಾರೆ, ಅದು ಮೆಣಸಿನ ಖಾರದ ಜೊತೆ ಸೇರಿದ್ರೆ ನಾಲಿಗೆ ಒಣಗಿ ಕಹಿ ಹೊಡೀತದೆ, ರೆಡ್ ವೈನ್ ಮೀನಿನ ಜೊತೆ ಸೇರಿದ್ರೆ ಕಬ್ಬಿಣದ ರುಚಿ ಬರ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಖಾರ ಇನ್ನೂ ಉರೀತದೆ. ಖಾರಕ್ಕೆ ಸಮಾಧಾನ ಮಾಡೂದು ಸ್ವಲ್ಪ ಸಿಹಿ, ಒಳ್ಳೆ ಹುಳಿ, ತಂಪು, ಕಮ್ಮಿ ಆಲ್ಕೋಹಾಲ್, ಈ ನಾಲ್ಕೂ ಒಟ್ಟಿಗೆ ಸಿಗೂದು ಶೆನಿನ್ ಬ್ಲಾಂಕ್ ಅನ್ನೋ ವೈಟಲ್ಲಿ, ರೀಸ್ಲಿಂಗಲ್ಲಿ, ಇಲ್ಲಾ ರೋಸೆಲಿ.

ಹೆಸರು ಹೇಳಿ ಅಂದ್ರೆ ಹೇಳ್ತೀನಿ. ನಾಸಿಕದಲ್ಲಿ ರಾಜೀವ್ ಸಾಮಂತ್ 1999ರಲ್ಲಿ ಶುರು ಮಾಡಿದ ಸುಲಾದ ಶೆನಿನ್ ಬ್ಲಾಂಕ್ ನಮ್ಮ ಕಡೆ ಊಟಕ್ಕೆ ಕಣ್ಮುಚ್ಚಿ ತಗೊಳ್ಳೋ ಅಂತದ್ದು, ನಾಲಿಗೆಗೆ ಸ್ವಲ್ಪವೇ ಸಿಹಿ ತಾಗ್ತದೆ, ಇಸೋಣ ಫ್ರೈ ಜೊತೆ ಅದಕ್ಕಿಂತ ಒಳ್ಳೆ ಜೋಡಿ ಈ ರೇಟಲ್ಲಿ ನನಗೆ ಗೊತ್ತಿಲ್ಲ. ಅವರದ್ದೇ ಜಿನ್ಫಂಡೆಲ್ ರೋಸೆ ಸೊರ್ಪೊತೆಲಿಗೆ ಹೋಗ್ತದೆ, ಬಣ್ಣನೂ ಮದುವೆ ಮನೆಗೆ ಚೆಂದ ಕಾಣ್ತದೆ. ಇನ್ನೂ ಕಮ್ಮಿಗೆ ಬೇಕಂದ್ರೆ ಅವರದ್ದೇ ಮಡೇರಾ ಅಂತ ಬರ್ತದೆ, ವೈಟ್ ಪರವಾಗಿಲ್ಲ, ರೆಡ್ ನನಗೆ ಅಷ್ಟಕ್ಕಷ್ಟೇ. ನಮ್ಮ ರಾಜ್ಯದ್ದೇ ಬೇಕು ಅಂದ್ರೆ ದೊಡ್ಡಬಳ್ಳಾಪುರದ ಗ್ರೋವರ್, ಕನ್ವಲ್ ಗ್ರೋವರ್ 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ಶುರು ಮಾಡಿದ್ದು, ಅವರ ಶೆನಿನೂ ಒಳ್ಳೇದು, ಕ್ಯಾಬರ್ನೆ-ಶಿರಾಜ್ ಬಾರ್ ಕೌಂಟರಿಗೆ ಇಡೋಕೆ ಆಗ್ತದೆ. ಹಂಪಿ ಕಡೆ ಕೃಷ್ಮಾದವರು ಮಾಡೋ ರೆಡ್ ಬಹಳ ಒಳ್ಳೇದು ಅಂತಾರೆ, ಅದು ನಿಜ ಕೂಡ, ಆದ್ರೆ ರೇಟು ಮದುವೆ ಹಾಲಿಗಲ್ಲ, ಮದುವೆ ಆದ್ಮೇಲೆ ಮಾವನ ಮನೆಗೆ ಒಂದು ಬಾಟಲಿ ಕೊಡೋಕೆ.

ಫಾರಿನ್ ವೈನ್ ಹಾಕಿದ್ರೆ ಗತ್ತು ಅನ್ನೋರಿಗೆ ಒಂದು ಮಾತು. ವಿದೇಶಿ ವೈನ್ ಮೇಲೆ ಕಸ್ಟಮ್ಸ್ ಸುಂಕನೇ 150 ಪರ್ಸೆಂಟ್ ತನಕ ಬಿದ್ದದ್ದು ಇದೆ, ಅದರ ಮೇಲೆ ಸಾಗಾಣಿಕೆ, ರಾಜ್ಯದ ತೆರಿಗೆ, ಎಲ್ಲರ ಲಾಭ. ಅಂದ್ರೆ ಅಂಗಡಿಲಿ ಒಂದೇ ರೇಟಿನ ಒಂದು ದೇಸಿ ಒಂದು ಫಾರಿನ್ ಬಾಟಲಿ ಪಕ್ಕ ಪಕ್ಕ ಇದ್ರೆ, ಫಾರಿನ್ ಬಾಟಲಿ ಒಳಗೆ ಇರೋ ವೈನಿಗೆ ಅದರ ಊರಲ್ಲಿ ಚಿಲ್ಲರೆ ಕಾಸಷ್ಟೇ ಬೆಲೆ. ಅಗ್ಗದ ಬಜೆಟ್ಟಲ್ಲಿ ದೇಸಿನೇ ಯಾವಾಗ್ಲೂ ಲಾಭ. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ಅಂತ ತಂದ್ಮೇಲೆ ನಮ್ಮಲ್ಲೇ ವೈನರಿಗಳು ಸುಮಾರು ಎದ್ದಿವೆ, ಹೆಸರು ಕೇಳಿರದ ಬಾಟಲಿ ಕಂಡ್ರೆ ಒಂದು ತಂದು ರುಚಿ ನೋಡೋಕೆ ಅಡ್ಡಿ ಇಲ್ಲ.

ರುಚಿ ನೋಡೂದು ಅಂದೆ ಅಲ್ವಾ, ಅದನ್ನ ಹಿಂಗೆ ಮಾಡಿ. ಮೂರು ಬೇರೆ ಬೇರೆ ಬಾಟಲಿ ಒಂದೊಂದೇ ತನ್ನಿ, ಫ್ರಿಜ್ಜಲ್ಲಿ ಮೂರು ತಾಸು ಇಡಿ, ಪೇಪರ್ ಸುತ್ತಿ ಒಂದು ಎರಡು ಮೂರು ಅಂತ ಬರೀರಿ, ಭಾನುವಾರ ಮಧ್ಯಾಹ್ನ ಮೀನು ಫ್ರೈ ಒಂದು, ಖಾರದ್ದು ಒಂದು, ಅಂಗಡಿ ಕೇಕಿನ ತುಂಡು ಒಂದು ಇಟ್ಕೊಂಡು ಮನೆಯವರಿಗೆಲ್ಲಾ ಸ್ವಲ್ಪ ಸ್ವಲ್ಪ ಕೊಡಿ. ವೈನ್ ಬಗ್ಗೆ ದೊಡ್ಡದಾಗಿ ಮಾತಾಡೋ ಅಂಕಲ್ ಒಬ್ಬರು, ವರ್ಷಕ್ಕೊಂದ್ಸಲ ಕುಡಿಯೋ ಆಂಟಿ ಒಬ್ಬರು ಇರ್ಲೇಬೇಕು, ಆಂಟಿ ಗ್ಲಾಸ್ ಖಾಲಿ ಮಾಡಿದ ನಂಬರ್ ಆರಿಸಿ. ಯಾಕಂದ್ರೆ ಹಾಲಲ್ಲಿ ಅಂಕಲ್ ವಿಸ್ಕಿ ಕೌಂಟರಲ್ಲಿ ಇರ್ತಾರೆ, ಟೋಸ್ಟ್ ಗ್ಲಾಸ್ ಹಿಡಿಯೋರು ಆಂಟಿಯಂಥವರೇ.

ಅಂಗಡಿಲಿ ಎಂತ ನೋಡ್ಬೇಕು

ನಮ್ಮ ಕರಾವಳಿಲಿ ವೈನಿಗೆ ದೊಡ್ಡ ಶತ್ರು ಬಿಸಿಲು. ಬೀರು ವಿಸ್ಕಿ ಮಾರಿದಷ್ಟು ವೈನ್ ಮಾರೂದಿಲ್ಲ, ಹಂಗಾಗಿ ಎಷ್ಟೋ ಅಂಗಡಿಲಿ ಬಾಟಲಿಗಳು ಮುಂದಿನ ಗಾಜಿನ ಶೆಲ್ಫಲ್ಲಿ, ಸಂಜೆ ಬಿಸಿಲು ಬೀಳೋ ಜಾಗದಲ್ಲಿ, ತಿಂಗಳುಗಟ್ಲೆ ನಿಂತಿರ್ತವೆ. ವಿಸ್ಕಿಗೆ ಅದರಿಂದ ಅಷ್ಟೇನೂ ಆಗೂದಿಲ್ಲ, ವೈನ್ ಬೆಂದು ಹೋಗ್ತದೆ. ಸಂಬಂಧಿಕರ ಒಂದು ಮದುವೆಲಿ ಹಿಂಗೇ ಶೋಕೇಸಲ್ಲಿದ್ದ ವೈಟನ್ನ ಅಂಗಡಿಯವ ದಾಟಿಸಿಬಿಟ್ಟಿದ್ದ, ಗ್ಲಾಸಿಗೆ ಹಾಕಿದ್ರೆ ಗೋಮೂತ್ರದ ಬಣ್ಣ, ವಾಸನೆ ಹಳೆ ಸೇಬು ಕೊಳೆತ ಹಂಗೆ.

ಅದಕ್ಕೇ ಬಾಟಲಿ ಕೈಗೆ ತಗೊಂಡು ನೋಡಿ. ಕುತ್ತಿಗೆ ಮುಟ್ಟಿ, ಅಂಟಂಟು ಇದ್ರೆ ಒಳಗಿಂದು ಸೋರಿದೆ ಅಂತರ್ಥ. ಕಾರ್ಕ್ ಮೇಲಕ್ಕೆ ಉಬ್ಬಿದ್ರೆ ಬಿಸಿಗೆ ವೈನ್ ಹಿಗ್ಗಿ ತಳ್ಳಿದೆ. ಲೇಬಲ್ ಒಂದು ಕಡೆ ಮಾತ್ರ ಬಣ್ಣ ಹೋಗಿದ್ರೆ ಆ ಕಡೆ ಬಿಸಿಲು ತಿಂದಿದೆ. ವೈಟನ್ನ ಟ್ಯೂಬ್‌ಲೈಟಿಗೆ ಹಿಡಿದ್ರೆ ತಿಳಿ ಹಳದಿ, ಹಸಿರು ಛಾಯೆ ಇರ್ಬೇಕು, ಕಂದು ತಿರುಗಿದ್ರೆ ಬೇಡ. ರೋಸೆ ಗುಲಾಬಿ ಹೋಗಿ ಈರುಳ್ಳಿ ಸಿಪ್ಪೆ ಬಣ್ಣಕ್ಕೆ ಬಂದಿದ್ರೆ ಅದೂ ಬೇಡ, ಕೆಲವು ರೋಸೆ ಹುಟ್ಟಿನಿಂದಲೇ ಹಂಗಿರ್ತವೆ ಅನ್ನಿ, ಆದ್ರೆ ನಮ್ಮ ಅಂಗಡಿಲಿ ಸಿಗೋ ಅಗ್ಗದವು ಸಾಮಾನ್ಯವಾಗಿ ಗಾಢ ಗುಲಾಬಿನೇ. ಆಮೇಲೆ ವರ್ಷ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್, ಲೇಬಲ್ ಮೇಲಿನ ಇಸವಿ ಅಂದ್ರೆ ಆ ಕೊಯ್ಲಿನ ವರ್ಷ. ಮೇ ತಿಂಗಳ ಮದುವೆಗೆ ಹಿಂದಿನ ವರ್ಷದ ವೈಟ್ ಸಿಕ್ಕಿದ್ರೆ ಬೆಸ್ಟ್, ಎರಡು ವರ್ಷ ಹಿಂದಿಂದಾದ್ರೂ ಆದೀತು, ಅದಕ್ಕಿಂತ ಹಳೇದು ಬೇಡ. ವೈನ್ ಹಳೇದಾದಷ್ಟೂ ಒಳ್ಳೇದು ಅನ್ನೂದು ಈ ರೇಟಿನ ವೈನಿಗೆ ಲಾಗೂ ಆಗೂದಿಲ್ಲ, ಇವೆಲ್ಲಾ ತಾಜಾ ಇದ್ದಾಗ್ಲೇ ಕುಡಿಯೋಕೆ ಮಾಡಿದ್ದು.

ಸ್ಕ್ರೂ ಮುಚ್ಚಳ ಇದ್ದದ್ದು ಅಗ್ಗದ್ದು ಅಂತ ಮೂಗು ಮುರೀಬೇಡಿ, ಕ್ಯಾಟರಿಂಗ್ ಹುಡುಗರು 22 ಕಾರ್ಕ್ ಎಳೆಯೋದ್ರಲ್ಲಿ ನಾಲ್ಕು ಮುರಿದು ಒಳಗೆ ತಳ್ತಾರೆ, ಸ್ಕ್ರೂ ಆದ್ರೆ ಕಟ್ ಅಂತ ತಿರುವಿ ಸುರಿಯೂದು ಅಷ್ಟೇ. ಇಂಥ ಕೆಲಸಕ್ಕೆ ನಾನಂತೂ ಸ್ಕ್ರೂ ಮುಚ್ಚಳದ್ದೇ ಹುಡುಕ್ತೀನಿ.

ರೇಟಲ್ಲಿ ಚೌಕಾಸಿ ಜಾಸ್ತಿ ನಡೆಯೂದಿಲ್ಲ, ಎಂಆರ್‌ಪಿ ಬಾಟಲಿ ಮೇಲೇ ಇರ್ತದೆ, ಸರ್ಕಾರಿ ಎಂಎಸ್ಐಎಲ್ ಮಳಿಗೆ ಇದ್ರೆ ಎಂಆರ್‌ಪಿಗೆ ಸಿಗ್ತದೆ. ಒಂದೇ ಥರದ್ದು ಎರಡು ಕೇಸು, ಅಂದ್ರೆ 24 ಬಾಟಲಿ, ಸಣ್ಣ ಊರಿನ ಅಂಗಡಿಲಿ ಒಮ್ಮೆಗೇ ಇರೂದು ಕಷ್ಟ, ಅವರು ರಾಜ್ಯ ಪಾನೀಯ ನಿಗಮದ ಡಿಪೋದಿಂದ ತರಿಸ್ಬೇಕು, ಹಂಗಾಗಿ ಮದುವೆಗೆ ಮೂರು ವಾರ ಮುಂಚೆನೇ ಹೇಳಿ. ಡಿಪೋದಿಂದ ಬಂದ ಕೇಸನ್ನ ಹಂಗೇ ಒಡೀದೇ ತಗೊಂಡ್ರೆ ಇನ್ನೊಂದು ಲಾಭ, ಶೋಕೇಸಿನ ಬಿಸಿಲು ಕಂಡಿರೂದಿಲ್ಲ. ಉಳಿದ ಸೀಲ್ ಬಾಟಲಿ ವಾಪಸ್ ತಗೋತಾರೆ ಅಂತ ಮಾತ್ರ ಲೆಕ್ಕ ಹಾಕ್ಕೊಳ್ಬೇಡಿ.

ಪರ್ಮಿಷನ್ನು, ಗೋವಾ, ಡ್ರೈ ಡೇ

ಕಾರವಾರದವರಿಗೆ ತಲೇಲಿ ಮೊದ್ಲು ಬರೂದೇ ಗೋವಾ. ಗಡಿಯ ಪೋಳೆಂ ದಾಟಿದ್ರೆ ಬಾರು, ಕಾಣಕೋಣಕ್ಕೆ ಹೋದ್ರೆ ಇನ್ನೂ ಅಂಗಡಿ, ರೇಟು ಕೇಳಿದ್ರೆ ಇಲ್ಲಿಂದಕ್ಕಿಂತ ಎಷ್ಟೋ ಕಮ್ಮಿ, ಒಂದು ಒಮ್ನಿ ತಗೊಂಡು ಹೋಗಿ ಎರಡು ಕೇಸ್ ಹಾಕ್ಕೊಂಡು ಬಂದ್ರೆ ಆಯ್ತಲ್ಲ ಅಂತ. ಬೇಡ. ಪರ್ಮಿಟ್ ಇಲ್ದೇ ಗೋವಾದ ಮದ್ಯ ಕರ್ನಾಟಕದೊಳಗೆ ತರೂದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮಾಜಾಳಿ ಚೆಕ್‌ಪೋಸ್ಟಲ್ಲಿ, ಆ ಕಡೆ ಜೋಯಿಡಾ ದಾರೀಲಿ ಅನಮೋಡಲ್ಲಿ ಹಿಡಿಯೂದು ಪೇಪರಲ್ಲಿ ಬರ್ತಾನೇ ಇರ್ತದೆ, ಬಾಟಲಿ ಜೊತೆ ಗಾಡಿನೂ ಹೋಗ್ತದೆ. ಮದುವೆಗೆ ಎರಡು ದಿನ ಇರುವಾಗ ಮದುಮಗಳ ಅಣ್ಣ ಅಬಕಾರಿ ಆಫೀಸ್ ಬೆಂಚಲ್ಲಿ ಕೂರೂದು ಬೇಕಾ? 22 ಬಾಟಲಿಲಿ ಉಳಿಯೋ ದುಡ್ಡು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹಾಲಲ್ಲಿ ಮದ್ಯ ಕೊಡೋಕೂ ಲೈಸೆನ್ಸ್ ಬೇಕು, ಒಂದು ದಿನದ ಕಾರ್ಯಕ್ರಮಕ್ಕೆ ಅಂತ ಸಿಎಲ್-5 ಸನ್ನದು ಇರ್ತದೆ, ಅಬಕಾರಿ ಇಲಾಖೆಲಿ ಅರ್ಜಿ ಹಾಕ್ಬೇಕು. ಟೋಸ್ಟಿಗೆ ಅಷ್ಟೇ ಅಲ್ವಾ ಅಂತ ಬಹಳ ಜನ ಬಿಟ್ಟುಬಿಡ್ತಾರೆ, ಬಾರ್ ಕೌಂಟರ್ ಇಡೋದಾದ್ರಂತೂ ಬಿಡ್ಲೇಬೇಡಿ. ಬಾರ್ ಲೈಸೆನ್ಸ್ ಇರೋ ಹೋಟೆಲ್ ರೆಸಾರ್ಟಲ್ಲಿ ಮಾಡಿದ್ರೆ ಈ ತಲೆನೋವು ಅವರದ್ದು, ಆದ್ರೆ ಅವರ ವೈನ್ ರೇಟು ಅಂಗಡಿ ರೇಟಿನ ಮೇಲೆ ಸುಮಾರು ಏರಿರ್ತದೆ, ನಿಮ್ಮ ಬಾಟಲಿ ಒಳಗೆ ಬಿಡ್ತಾರಾ, ಅದಕ್ಕೆ ಅವರು ಹಾಕೋ ಕಾರ್ಕೇಜ್ ಚಾರ್ಜ್ ಎಷ್ಟು ಅಂತ ಬುಕ್ ಮಾಡುವಾಗ್ಲೇ ಕೇಳಿ ಬರೆಸ್ಕೊಳ್ಳಿ. ಚರ್ಚ್ ಹಾಲಾದ್ರೆ ಫಾದರ್ ಹತ್ರ ಮಾತಾಡಿ. ಘಟ್ಟದ ಮೇಲೆ ಶಿರಸಿ ಕಡೆ ಕಲ್ಯಾಣ ಮಂಟಪ ಹಿಡಿದಿದ್ರೆ ಈ ವಿಷಯ ಎತ್ತೋ ಮೊದ್ಲು ಮಂಟಪದ ನಿಯಮ ಓದಿ, ಎಷ್ಟೋ ಕಡೆ ಮೊಟ್ಟೆಗೇ ಜಾಗ ಇಲ್ಲ, ವೈನ್ ಎಲ್ಲಿಂದ ಬರ್ಬೇಕು.

ಡೇಟ್ ಕೂಡ ನೋಡಿ. ಚುನಾವಣೆ ಇದ್ರೆ ಮತದಾನ ಮುಗಿಯೋ ಹೊತ್ತಿಗೆ 48 ತಾಸು ಮುಂಚಿಂದ ಮದ್ಯ ಮಾರಾಟ ಬಂದ್, ಅದೇ ಡ್ರೈ ಡೇ, ಮತ ಎಣಿಕೆ ದಿನನೂ ಬಂದ್, ಅಕ್ಟೋಬರ್ 2 ಹೆಂಗೂ ಬಂದ್. ಲೋಕಸಭೆ ಎಲೆಕ್ಷನ್ ಬೀಳೂದೇ ಏಪ್ರಿಲ್ ಮೇಲಿ, ನಮ್ಮ ಮದುವೆ ಸೀಸನ್ನಲ್ಲೇ.

ಐಸ್: ದುಡ್ಡು ಹಾಕ್ಬೇಕಾದ್ದು ಇಲ್ಲಿ

ಮೇ ತಿಂಗಳು, ಹಾಲಲ್ಲಿ 400 ಜನ, ಫ್ಯಾನ್ ಬಿಸಿ ಗಾಳಿನೇ ತಿರುಗಿಸ್ತಿರ್ತದೆ, ಒಳಗೆ 33-34 ಡಿಗ್ರಿ. ವೈಟ್ ಮತ್ತೆ ರೋಸೆ 8ರಿಂದ 10 ಡಿಗ್ರಿಲಿ ಕುಡೀಬೇಕು. ರೆಡ್ಡನ್ನ ರೂಮ್ ಟೆಂಪರೇಚರಲ್ಲಿ ಕೊಡಿ ಅಂತ ಪುಸ್ತಕದಲ್ಲಿ ಇರ್ತದೆ, ಅದು ಚಳಿ ದೇಶದ ರೂಮು ಮಾರಾಯ್ರೆ, 16-18 ಡಿಗ್ರಿ, ನಮ್ಮ ರೂಮಲ್ಲ. ರೆಡ್ಡೂ ಐಸ್ ನೀರಲ್ಲಿ ಹತ್ತು ಹದಿನೈದು ನಿಮಿಷ ಇಳಿಸ್ಲೇಬೇಕು, ಇಲ್ಲಾಂದ್ರೆ ಬರೀ ಸ್ಪಿರಿಟ್ ವಾಸನೆ ಮೂಗಿಗೆ ಹೊಡೀತದೆ.

ಕ್ಯಾಟರಿಂಗಿನವರು ಫ್ರಿಜ್ ಇದೆ ಅಂತಾರೆ, ಅದರಲ್ಲಿ ಐಸ್‌ಕ್ರೀಮ್, ಸಲಾಡ್ ತುಂಬಿರ್ತದೆ. ನಂಬ್ಬೇಡಿ. ಮೀನು ಸಾಗಿಸೋ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಹೊಸದು ನಾಲ್ಕು ತನ್ನಿ, ಇಲ್ಲಾ ದೊಡ್ಡ ಪ್ಲಾಸ್ಟಿಕ್ ಟಬ್. ಮೀನಿನ ಕ್ರೇಟ್ ಆಗೂದಿಲ್ಲ, ತೂತಿರ್ತದೆ, ನೀರು ನಿಲ್ಲೂದಿಲ್ಲ. ನೀರು ನಿಲ್ಲೂದೇ ಮುಖ್ಯ. ಬರೀ ಐಸ್ ಮೇಲೆ ಬಾಟಲಿ ಮಲಗಿಸಿದ್ರೆ ಐಸ್ ತಾಗಿದ ಜಾಗ ಮಾತ್ರ ತಣ್ಣಗಾಗ್ತದೆ, ನಡುವೆ ಗಾಳಿ. ಬಾಟಲಿ ನಿಲ್ಲಿಸಿ, ಸುತ್ತ ಐಸ್ ಪುಡಿ ಹಾಕಿ, ಕುತ್ತಿಗೆ ತನಕ ನೀರು ತುಂಬಿ, ಮೇಲಿಂದ ಎರಡು ಮುಷ್ಟಿ ಕಲ್ಲುಪ್ಪು ಹಾಕಿ ಕೈಯಾಡಿಸಿ. ಉಪ್ಪು ಹಾಕಿದ್ರೆ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗ್ತದೆ, ಇಪ್ಪತ್ತೈದು ಮೂವತ್ತು ನಿಮಿಷದಲ್ಲಿ ಬಾಟಲಿ ಮುಟ್ಟೋಕಾಗದಷ್ಟು ತಣ್ಣಗೆ, ಅದೇ ಫ್ರಿಜ್ಜಲ್ಲಾದ್ರೆ ಎರಡು ಮೂರು ತಾಸು. ಬಾಟಲಿಗೆ ಒಂದು ಕೆಜಿ ಐಸ್ ಅಂತ ಲೆಕ್ಕ ಇಟ್ಕೊಳ್ಳಿ, ಟೋಸ್ಟ್ ತಡ ಆಗ್ತದೆ ಅನ್ನೂದನ್ನೂ ಸೇರ್ಸಿ ಇನ್ನೂ ಹತ್ತು ಕೆಜಿ. ನೀರಲ್ಲಿ ಪೇಪರ್ ಲೇಬಲ್ ಬಿಚ್ಕೊಂಡು ತೇಲ್ತವೆ, ಮದುಮಕ್ಕಳ ಟೇಬಲ್ಲಿನ ಎರಡು ಬಾಟಲಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಳಿಸಿ, ಉಳಿದವಕ್ಕೆ ಯಾರು ಲೇಬಲ್ ನೋಡ್ತಾರೆ.

ಐಸ್ ಎಲ್ಲಿಂದ? ಬೈತಕೋಲ ಬಂದರು ಕಡೆ ಬೋಟಿಗೆ ಕೊಡೋ ಐಸ್ ಬ್ಲಾಕ್ ಅಗ್ಗ, ಗೋಣಿಲಿ ಹಾಕಿ ಕುಟ್ಟಿದ್ರೆ ಪುಡಿ. ಬಾಟಲಿ ಹೊರಗಿಂದ ತಣ್ಣಗಾಗೋಕೆ ಅದು ಧಾರಾಳ ಸಾಕು, ಆದ್ರೆ ಅದು ಮೀನಿನ ಐಸು, ಕುಡಿಯೋಕೆ ಮಾಡಿದ್ದಲ್ಲ, ಒಂದು ತುಂಡೂ ಗ್ಲಾಸಿಗೆ ಹೋಗ್ಬಾರ್ದು, ಸುರಿಯೋ ಮೊದ್ಲು ಬಾಟಲಿನ ಒಳ್ಳೆ ನೀರಲ್ಲಿ ತೊಳೆದು ಬಟ್ಟೆಲಿ ಒರೆಸ್ಬೇಕು, ವಿಶೇಷವಾಗಿ ಬಾಯಿ. ಗ್ಲಾಸಿಗೆ ಹಾಕೋ ಕ್ಯೂಬ್ ಬೇರೆ ಪೆಟ್ಟಿಗೆ, ಬೇರೆ ಬಣ್ಣದ ಟೇಪ್ ಅಂಟಿಸಿ, ಅದನ್ನ ನೋಡ್ಕೊಳ್ಳೋಕೆ ಒಬ್ಬ ಜವಾಬ್ದಾರಿ ಹುಡುಗನ್ನ ನಿಲ್ಲಿಸಿ. ಸೆಕೆ ತಡೀಲಿಕ್ಕಾಗದೇ ಯಾರಾದ್ರೂ ವೈಟಿಗೆ ಎರಡು ಕ್ಯೂಬ್ ಹಾಕ್ಕೊಂಡ್ರೆ ಹಾಕ್ಕೊಳ್ಲಿ, ಈ ರೇಟಿನ ವೈನಿಗೆ ಅದರಿಂದ ಅವಮಾನ ಆಗೂದಿಲ್ಲ.

ಸುರಿಯುವಾಗ

ಟೋಸ್ಟ್ ಗ್ಲಾಸ್ ಮೊದ್ಲೇ ತುಂಬಿಸಿಟ್ಟು ಟ್ರೇಲಿ ಜೋಡಿಸೂದು ಕ್ಯಾಟರಿಂಗಿನವರ ಅಭ್ಯಾಸ, ಮದುಮಕ್ಕಳ ಎಂಟ್ರಿ, ಡಾನ್ಸ್, ಫೋಟೋ, ಇವೆಲ್ಲಾ ಮುಗಿಯೂದ್ರೊಳಗೆ ವೈನ್ ಕಾದು ನೀರು. ಕೇಕ್ ಕಟ್ಟಿಂಗ್ ಅನೌನ್ಸ್ ಆದ್ಮೇಲೆ ಬಾಟಲಿ ಐಸಿಂದ ತೆಗೀರಿ ಅಂತ ಖಡಕ್ಕಾಗಿ ಹೇಳಿ, ನಾಲ್ಕು ಹುಡುಗರಿದ್ರೆ 250 ಗ್ಲಾಸ್ ಹತ್ತು ನಿಮಿಷದಲ್ಲಿ ಆಗ್ತದೆ. ಎಂಸಿ, ಅಂದ್ರೆ ಕಾರ್ಯಕ್ರಮ ನಿರೂಪಣೆ, ಮಾಡೋರ ಹತ್ರನೂ ಹೇಳಿಡಿ, ಎಲ್ಲರ ಕೈಗೆ ಗ್ಲಾಸ್ ಹೋಗೋ ತನಕ ಮೈಕಲ್ಲಿ ಜೋಕ್ ಹೇಳ್ತಾ ಇರ್ಲಿ ಅಂತ. ಎಷ್ಟು ಹಾಕ್ಬೇಕು ಅನ್ನೋದಕ್ಕೆ ಒಂದು ಗ್ಲಾಸಿಗೆ 60 ಎಂಎಲ್ ಅಳೆದು ನೀರು ಹಾಕಿ, ಹೊರಗಡೆ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು ಹುಡುಗರ ಕಣ್ಣೆದುರಿಗೆ ಇಡಿ, ಬಾಯಿ ಮಾತಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಅಂದ್ರೆ ಒಬ್ಬೊಬ್ಬರ ಸ್ವಲ್ಪ ಒಂದೊಂದು ಥರ.

ಗುಳ್ಳೆ ವೈನ್ ಬೇಕೇ ಬೇಕು ಅಂದ್ರೆ ಸ್ಟೇಜಿಗೆ ಎರಡೇ ಬಾಟಲಿ ಸಾಕು. ಅದನ್ನ ಅಲ್ಲಾಡಿಸದೇ, ಮಂಜುಗಟ್ಟೋ ಹಂಗೆ ತಣ್ಣಗೆ ಮಾಡಿ, ಬೆಚ್ಚಗಿದ್ದು ಅಲ್ಲಾಡಿದ ಬಾಟಲಿ ತೆಗೆದ್ರೆ ಅರ್ಧ ನೊರೆಯಾಗಿ ಮದುಮಗಳ ಗೌನ್ ಮೇಲೆ. ತಂತಿ ಬಿಚ್ಚಿದ ಕ್ಷಣದಿಂದ ಹೆಬ್ಬೆರಳು ಕಾರ್ಕ್ ಮೇಲಿಂದ ತೆಗೀಬಾರ್ದು, ಬಾಟಲಿ ಓರೆ ಹಿಡ್ಕೊಂಡು ಕಾರ್ಕ್ ಗಟ್ಟಿ ಹಿಡಿದು ಬಾಟಲಿನ ನಿಧಾನ ತಿರುವ್ಬೇಕು. ಒಳಗಿನ ಒತ್ತಡ ಕಾರ್ ಟೈರಿಗಿಂತ ಜಾಸ್ತಿ, ಹಾರಿದ ಕಾರ್ಕ್ ಕಣ್ಣಿಗೆ ಬಿದ್ರೆ ರಿಸೆಪ್ಶನ್ ಆಸ್ಪತ್ರೆಲಿ.

ಗ್ಲಾಸು ಗಾಜಿಂದೇ ಬಾಡಿಗೆಗೆ ತನ್ನಿ, ಪೇಪರ್ ಕಪ್ಪಲ್ಲಿ ವೈನ್ ಪೇಪರ್ ವಾಸನೆ ಹೊಡೀತದೆ. ತೊಳೆದ ಸೋಪಿನ ವಾಸನೆ ಉಳಿದಿದ್ಯಾ ಅಂತ ಒಂದೆರಡು ಗ್ಲಾಸ್ ಮೂಸಿ ನೋಡಿ.

ಕುಡೀದೇ ಇರೋರ ಕೈಲಿ ಕಿತ್ತಳೆ ಸ್ಕ್ವಾಶ್ ಕೊಟ್ಟು ಬೇರೆ ಕೂರಿಸ್ಬೇಡಿ. ಶಿರಸಿ ಕಡೆಯಿಂದ ಮುರುಗಲು ಹಣ್ಣಿನ ಸಕ್ಕರೆ ರಸ ಬಾಟಲಿಲಿ ಬರ್ತದಲ್ಲ, ನಾವು ಕೋಕಂ ಅಂತೀವಿ, ಒಂದು ಪಾಲಿಗೆ ಐದು ಪಾಲು ತಣ್ಣೀರು, ಚೂರೇ ಉಪ್ಪು, ಜೀರಿಗೆ ಹಾಕ್ಬೇಡಿ, ಅದೇ ಟೋಸ್ಟ್ ಗ್ಲಾಸಲ್ಲಿ ಸುರಿದ್ರೆ ಬಣ್ಣ ರೋಸೆ ವೈನಿಗಿಂತ ಚೆಂದ. ಘಟ್ಟದಿಂದ ಬಂದ ಸ್ನೇಹಿತರು, ಗಾಡಿ ಓಡಿಸ್ಕೊಂಡು ಹೈವೇಲಿ ಕುಮಟಾ ಭಟ್ಕಳ ತನಕ ವಾಪಸ್ ಹೋಗೋರು, ಮಕ್ಕಳು, ಎಲ್ಲರೂ ಒಟ್ಟಿಗೇ ಗ್ಲಾಸ್ ಎತ್ಬಹುದು. ಟ್ರೇ ಮಾತ್ರ ಬೇರೆ ಇರ್ಲಿ, ಮಕ್ಕಳ ಕೈಗೆ ತಪ್ಪಿ ರೋಸೆ ಹೋಗ್ಬಾರ್ದು, ಎರಡೂ ಒಂದೇ ಥರ ಕಾಣ್ತವೆ.

ಉಳಿದದ್ದು: ತೆರೆದ ವೈಟ್ ರೋಸೆ ಮುಚ್ಚಳ ತಿರುವಿ ಫ್ರಿಜ್ಜಲ್ಲಿ ಇಟ್ರೆ ಮೂರ್ನಾಲ್ಕು ದಿನ ಬರ್ತದೆ, ರೆಡ್ಡನ್ನೂ ಫ್ರಿಜ್ಜಲ್ಲೇ ಇಡಿ. ತೆರೆದ ಪೋರ್ಟಲ್ಲಿ ಒಣದ್ರಾಕ್ಷಿ ಚೆರ್ರಿ ನೆನೆಹಾಕಿ ಭರಣಿ ಮುಚ್ಚಿ ಫ್ರಿಜ್ಜಲ್ಲಿಟ್ರೆ ಡಿಸೆಂಬರ್ ಕೇಕಿಗೆ ಆಯ್ತು. ಸೀಲ್ ಇರೋ ವೈಟನ್ನ ಅಟ್ಟದ ಮೇಲೆ ಹೆಂಚಿನ ಕೆಳಗೆ ಹಾಕ್ಬೇಡಿ, ಅಡಿಗೆಮನೆಯಿಂದ ದೂರ, ನೆಲದ ಹತ್ರ, ಕತ್ತಲೆ ಇರೋ ಮೂಲೆಲಿ ಮಲಗಿಸಿಡಿ, ಮಳೆಗಾಲ ಮುಗಿಯೂದ್ರೊಳಗೆ ಮೀನು ಫ್ರೈ ಜೊತೆ ಖಾಲಿ ಮಾಡಿ.